ಶರಣಪ್ಪ ಮಾವನ ಬಿದಿರ ಬಿಲ್ಲು

ಬಿಲ್ಲಿನ ವಿಷಯದಲ್ಲಿ ನನ್ನನ್ನು ಮೀರಿಸುವವರು ಜೇವರ್ಗಿ ಕಾಲೋನಿಯಲ್ಲಿ ಯಾರೂ ಇಲ್ಲ. ಆದಿಮಾನವ ಕಲ್ಲು ಮಸೆದು ಬಾಣದ ತುದಿ ಮಾಡಿದಲ್ಲಿಂದ ಹಿಡಿದು, ಓಡುವ ಕುದುರೆಯ ಮೇಲೆ ಹಿಂದಕ್ಕೆ ತಿರುಗಿ ಬಾಣ ಬಿಡುತ್ತಿದ್ದ ಸವಾರರವರೆಗೆ, ಟ್ಯೂಷನ್ ಮಕ್ಕಳು ತೂಕಡಿಸುವ ತನಕ ಹೇಳಬಲ್ಲೆ. ಜೀವಮಾನದಲ್ಲಿ ಒಂದು ಬಿಲ್ಲನ್ನೂ ಮುಟ್ಟಿರಲಿಲ್ಲ, ಅದು ಬೇರೆ ಮಾತು.

ದಸರೆಗೆ ಮುಂಚೆ ಕಮಲಾಪುರದಿಂದ ಅಕ್ಕ ಫೋನ್ ಮಾಡಿದಳು. ಆಕೆಯ ಗಂಡ ಶರಣಪ್ಪ ಮಾವನ ಮನೆತನದಲ್ಲಿ ಒಂದು ಪದ್ಧತಿಯುಂಟು. ಪಾಂಡವರು ಬನ್ನಿ ಮರದಲ್ಲಿ ಬಿಲ್ಲು ಬಚ್ಚಿಟ್ಟಿದ್ದರಲ್ಲ, ಅದರ ನೆನಪಿಗೆ ಮನೆಯ ಗಂಡಸು ಬನ್ನಿ ಮರದ ಮುಂದೆ ನಿಲ್ಲಿಸಿದ ಬಾಳೆಗಿಡಕ್ಕೆ ಬಾಣ ಬಿಡಬೇಕು. ಆಮೇಲೆಯೇ ಬನ್ನಿ ಹಂಚುವುದು. ಬಿಲ್ಲೂ ಮಾವನೇ ಮಾಡಿದ್ದು.

"ಲಕ್ವಾ ಹೊಡದಾಗಿಂದ ಅವ್ರ ಬಲಗೈ ಏಳಂಗಿಲ್ಲೋ ತಮ್ಮಾ. ನಮಗ ಮಕ್ಕಳಂತೂ ಇಲ್ಲ. ಈ ಸಲ ಬಾಣ ನೀನೇ ಬಿಡು. ಮುಂದಿನ ದಸರಾ ನೋಡ್ತಾರೋ ಇಲ್ಲೋ, ಒಮ್ಮೆ ಕಣ್ತುಂಬ ನೋಡ್ಲಿ" ಎಂದಳು.

"ಬಿಲ್ಲಿನ ಇತಿಹಾಸ ಅರದು ಕುಡದೀನಿ. ನೀ ನಿಶ್ಚಿಂತಿ ಇರು" ಎಂದೆ.

ಜಗತ್ ಚೌಕದ ಹಣ್ಣಿನ ಅಂಗಡಿಯಲ್ಲಿ ಮಾವನಿಗೆಂದು ಒಂದು ಗೊನೆ ಕೆಂಪು ಬಾಳೆಹಣ್ಣು ಕೊಂಡೆ. ಹೆಂಡತಿ ಸುಮಂಗಲಾ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು: "ಕಮಲಾಪುರದಾಗ ಬೆಳದ ಹಣ್ಣು ಕಮಲಾಪುರಕ್ಕ ಒಯ್ಯಾಕತ್ತೀರಿ. ಇನ್ನ ಬಿಲ್ಲು ಹ್ಯಾಂಗ ಹಿಡೀತೀರೋ ಆ ಶಿವನೇ ಬಲ್ಲ." ಶುಭಕಾರ್ಯಕ್ಕೆ ಹೊರಟವನು ಇಂಥ ಮಾತುಗಳಿಗೆ ಕಿವಿಗೊಡಬಾರದು.

ಬನ್ನಿ ಮರದ ಕೆಳಗೆ ಮಾವನನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಹೊಸ ಧೋತರ, ಟೊಪ್ಪಿಗೆ. ಬಲಗೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅಕ್ಕ ಬಿಲ್ಲು ತಂದುಕೊಟ್ಟಳು. ಹೆದೆಯ ಒಂದು ತುದಿ ಬಿಚ್ಚಿ ಜೋತಾಡುತ್ತಿತ್ತು, ಬಿದಿರು ತುಸು ಬಾಗಿತ್ತು.

ಓಣಿಯ ಮಂದಿ ಸೇರಿದ್ದರು. ಮಂದಿ ಸೇರಿದಲ್ಲಿ ನಾನು ಪಾಠ ಮಾಡದೆ ಇರಲಾರೆ. "ನೋಡ್ರಿ, ಹಿಂದಿನ ಕುದುರಿ ಸವಾರರ ಬಿಲ್ಲು ಹೆದೆ ಬಿಚ್ಚಿದಾಗ ಒಂದು ಕಡೆ ಬಾಗಿರ್ತಿತ್ತು. ಹೆದೆ ಏರಿಸೋ ಮುಂದ ಅದನ್ನ ಪೂರಾ ಎದುರು ದಿಕ್ಕಿಗೆ ಮಣಸ್ತಿದ್ರು" ಎಂದು ಬಿಲ್ಲಿಗೆ ಮೊಣಕಾಲು ಕೊಟ್ಟೆ. ಮಾವ ಎಡಗೈ ಎತ್ತಿ ಬೀಸಿದರು. ಹರಸುತ್ತಿದ್ದಾರೆಂದುಕೊಂಡೆ. ಇನ್ನೂ ಜೋರಾಗಿ ಬೀಸಿದರು. ಮನಸ್ಸು ತುಂಬಿಬಂದು ನಾನೂ ಇನ್ನೂ ಜೋರಾಗಿ ಒತ್ತಿದೆ.

ಲಟಕ್!

ಸವಾರರ ಬಿಲ್ಲು ಕೊಂಬು ಮತ್ತು ನರಗಳಿಂದ ಮಾಡಿದ್ದು, ನನ್ನ ಕೈಯಲ್ಲಿದ್ದದ್ದು ಬರೀ ಬಿದಿರು. ಈ ಅಲ್ಪ ವ್ಯತ್ಯಾಸ ನೆನಪಾಗುವ ಹೊತ್ತಿಗೆ ಎರಡು ಕೈಯಲ್ಲಿ ಎರಡು ತುಂಡಿದ್ದವು. ಬಿಲ್ಲು ಮುರಿದ ರಾಮನಿಗೆ ಸೀತೆ ಸಿಕ್ಕಳು. ನನಗೆ ಸಿಕ್ಕಿದ್ದು ಅಕ್ಕನ ಸಮಾಧಾನ. ಅಂಥ ಸಮಾಧಾನ ವೈರಿಗೂ ಬೇಡ.

"ಹೋಗ್ಲಿ ಬಿಡೋ, ಹಳೇದಾಗಿತ್ತು" ಎಂದು ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಬಾಳೆಗಿಡ ಕೂದಲೂ ಕೊಂಕದೆ ನಿಂತಿತ್ತು.

ಮಾವ ನನ್ನನ್ನು ಹತ್ತಿರ ಕರೆದು, ಎಡಗೈಯಿಂದಲೇ ನನ್ನ ಅಂಗೈಗೆ ಬನ್ನಿ ಹಾಕಿದರು. "ಬಂಗಾರದಂಗ... ಇರು" ಎಂದರು ತೊದಲುತ್ತ. ಆಮೇಲೆ ತುಂಡುಗಳನ್ನು ನೋಡಿ, "ಮುಂದಿನ ದಸರಾಕ್ಕ... ಹೊಸಾದು... ನಾ ಮಾಡಿ ಕೊಡ್ತೀನಿ." ಎಲ್ಲರ ಕಣ್ಣೂ ಅವರ ಬಲಗೈ ಮೇಲೆ ಹೋಯಿತು. "ಹೂಂ ಮಾವಾ" ಎಂದೆ.

ಸಂಕ್ರಾಂತಿಗೆ ಮೊದಲೇ ಮಾವ ತೀರಿಕೊಂಡರು. ಅಕ್ಕ ಆ ಎರಡು ತುಂಡುಗಳನ್ನು ನೂಲಿನಿಂದ ಬಿಗಿದು ಅವರ ಫೋಟೋದ ಪಕ್ಕ ಇಟ್ಟಿದ್ದಾಳೆ. ಹೋದಾಗಲೆಲ್ಲ ನಾನು ಅದಕ್ಕೆ ಬೆನ್ನು ಮಾಡಿ ಕೂರುತ್ತೇನೆ.

ಮೊನ್ನೆ ಟ್ಯೂಷನ್ನಿನಲ್ಲಿ ಒಬ್ಬಳು ಹುಡುಗಿ, "ಸರ್, ಬಿಲ್ಲು ಮೊದಲ ಎಲ್ಲಿ ಹುಟ್ಟಿತ್ರಿ?" ಎಂದು ಕೇಳಿದಳು. ಅದು ವಿದ್ವಾಂಸರಿಗೂ ಖಚಿತವಾಗಿ ಗೊತ್ತಿಲ್ಲ ಎಂದೆ. ಎಲ್ಲಿ ಸತ್ತಿತು, ಯಾರ ಮೊಣಕಾಲಿಗೆ ಸಿಕ್ಕಿ ಸತ್ತಿತು ಎಂಬುದು ಮಾತ್ರ ಇಡೀ ಕಮಲಾಪುರಕ್ಕೆ ಗೊತ್ತು.