ವೈರಸ್‌ಗೆ ಹೂಡಿದ ಸಂಸಾರ

ಸುಳ್ಳು ಹೇಳಿ ಸಂಬಳ ತಗೊಳ್ಳೋರ ಬಾಳಲ್ಲಿ ನಗೆಪಾಟಲಿಗೆ ಬರವಿಲ್ಲ. ನಾನು ಸುಳ್ಳು ಹೇಳುತ್ತಿದ್ದದ್ದು ವೈರಸ್‌ಗಳಿಗೆ. ಎರಡು ಸಾವಿರದ ಐದೋ ಆರೋ ಇಸವಿ, ಚೆನ್ನೈನ ಒಂದು ಸಣ್ಣ ಕಂಪನಿ. ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಸೋಗಿನ ಕಂಪ್ಯೂಟರ್ ಹುಟ್ಟಿಸಿ, ಅದರೊಳಗೆ ವೈರಸ್ ಬಿಟ್ಟು, ಏನೇನು ಹಾಳು ಮಾಡುತ್ತದೆಂದು ನೋಡಿ ವರದಿ ಬರೆಯುವುದು ನನ್ನ ಕೆಲಸ.

೧. ಸಾಧು ಪ್ರಾಣಿ

ಚೆನ್ನೈ ಹೊರವಲಯದ ಮಣಲಿಯ ಒಂದು ಕಾರ್ಖಾನೆಯಲ್ಲಿ ಸಿಕ್ಕ ವೈರಸ್, ಅಲ್ಲಿನ ಫೈಲುಗಳನ್ನು ಕಂಡಕಂಡವರಿಗೆಲ್ಲ ಮೇಲ್ ಮಾಡಿ ಮಾನ ಕಳೆದಿತ್ತು. ನಮ್ಮಲ್ಲಿ ಬಿಟ್ಟರೆ ಕೈಕಟ್ಟಿ ಕೂತಿತು. ಇದು ಸೋಗಿನ ಕಂಪ್ಯೂಟರ್ ಅಂತ ಅದಕ್ಕೆ ವಾಸನೆ ಹತ್ತಿತ್ತು.

“ಏನೂ ಮಾಡ್ತಿಲ್ವಲ್ಲ. ಅಪಾಯವಿಲ್ಲ ಅಂತ ಸೈನ್ ಹಾಕಿಬಿಡಿ ಮೇಡಂ,” ಅಂದರು ಮ್ಯಾನೇಜರ್.

“ನಾಟಕ ಆಡ್ತಿದೆ ಸಾರ್. ನಾನು ಸೈನ್ ಹಾಕಲ್ಲ.”

“ಹಾಗಾದ್ರೆ ಸೋಮವಾರದೊಳಗೆ ಪ್ರೂವ್ ಮಾಡಿ. ಇಲ್ಲಾಂದ್ರೆ ಫೋನ್ ಎತ್ತೋ ಸೀಟಿಗೆ ಹೋಗಿ. ನಾಟಕ ಅಂತ ನಿಮಗೆ ಹೇಗೆ ಗೊತ್ತು?”

“ನೀವು ಬಂದಾಗ ಮಾತ್ರ ಸಾಧುವಾಗೋರನ್ನ ಈ ಆಫೀಸಲ್ಲಿ ಎಂಟು ವರ್ಷದಿಂದ ನೋಡ್ತಿದ್ದೀನಿ ಸಾರ್.”

೨. ಅತ್ತೆಯ ತಪಾಸಣೆ

ಸೋಗಿನ ಕಂಪ್ಯೂಟರಿನ ಗುಟ್ಟು ಬಿಟ್ಟುಕೊಡುವ ಹೆಸರು, ನಂಬರುಗಳನ್ನೆಲ್ಲ ಬದಲಾಯಿಸಿದೆ. ವೈರಸ್ ಕಣ್ಣು ಬಿಡಲಿಲ್ಲ. ಮನೆಗೆ ಬಂದು ಗೊಣಗಿದೆ. ಮೈಸೂರಿನಿಂದ ಬಂದಿದ್ದ ಅತ್ತೆ ಅವರೆಕಾಯಿ ಸುಲಿಯುತ್ತಾ, “ಅದರೊಳಗೆ ಏನೇನಿದೆ?” ಅಂದರು.

“ಏನೂ ಇಲ್ಲತ್ತೆ. ಖಾಲಿ.”

“ಅದಕ್ಕೇ ಮತ್ತೆ! ಹೆಣ್ಣು ನೋಡೋಕೆ ಹೋದಾಗ ನಡುಮನೆ ಯಾರು ನೋಡ್ತಾರೆ? ಕೈ ತೊಳೆಯೋ ನೆಪದಲ್ಲಿ ನಾನು ಹಿತ್ತಲಿಗೆ ಹೋಗಿಬರ್ತೀನಿ. ಒಗೆಯೋ ಬಟ್ಟೆ ಒಂದೂ ಕಾಣ್ಲಿಲ್ಲ ಅಂದ್ರೆ ಏನೋ ಮುಚ್ಚಿಡ್ತಿದ್ದಾರೆ ಅಂತಲೇ ಲೆಕ್ಕ.”

“ನನ್ನ ನೋಡೋಕೆ ಬಂದಾಗ ನಮ್ಮನೆ ಹಿತ್ತಲಲ್ಲಿ ಏನು ಕಾಣಿಸ್ತು?”

“ಒಂದು ವಾರದ ಬಟ್ಟೆ. ತಕ್ಷಣ ಒಪ್ಪಿಕೊಂಡೆ.”

೩. ಹೋಂವರ್ಕ್

ಶನಿವಾರ ಮಗಳನ್ನೂ ಆಫೀಸಿಗೆ ಕರೆದೊಯ್ದು ಆ ಖಾಲಿ ಕಂಪ್ಯೂಟರಿನಲ್ಲಿ ಸಂಸಾರ ಹೂಡಿದೆ. ಚಟ್ನಿಪುಡಿ ಅಳತೆ, ಅರ್ಧ ಬರೆದ ರಜಾ ಅರ್ಜಿ, ಆಫೀಸಿನವರೆಲ್ಲರ ಮೇಲ್ ವಿಳಾಸ, ಜೊತೆಗೆ ಒಂದು ರಾಜೀನಾಮೆ ಪತ್ರ. ಅವಳು ಟೈಪ್ ಮಾಡಿದ್ದ ಹೋಂವರ್ಕನ್ನೂ ತುಂಬಿದೆ.

“ಅಮ್ಮಾ, ಎನ್ ಹೋಂವರ್ಕ್ ಎದುಕ್ಕು?” ನನ್ನ ಹೋಂವರ್ಕ್ ಯಾಕೆ ಅಂತ ಅವಳು ಯಥಾಪ್ರಕಾರ ತಮಿಳಲ್ಲೇ ಜಗಳಕ್ಕೆ ಬಂದಳು.

“ವೈರಸ್ ತಿನ್ನಲಿ ಅಂತ ಕಣೇ.”

ಕ್ಷಣ ಯೋಚಿಸಿ, “ಹಾಗಾದ್ರೆ ಇನ್ಮೇಲೆ ಮಿಸ್‌ಗೂ ಅದನ್ನೇ ಹೇಳ್ತೀನಿ,” ಅಂದಳು. ಮೊದಲ ಸಲ, ಅಚ್ಚ ಕನ್ನಡದಲ್ಲಿ.

೪. ಸೋಮವಾರ

ಫೋನ್ ಸೀಟಿನ ಆರ್ಡರ್ ಹಿಡಿದುಕೊಂಡೇ ಮ್ಯಾನೇಜರ್ ಬಂದರು. ನಮ್ಮ ಪ್ರಯೋಗದ ಕಂಪ್ಯೂಟರಿಗೆ ಹೊರಗಿನ ಸಂಪರ್ಕವಿಲ್ಲ. ವೈರಸ್ ಕಳಿಸುವ ಮೇಲ್‌ಗಳೆಲ್ಲ ಪಕ್ಕದ ಪರದೆಯಲ್ಲಿ ಬಂದು ಬೀಳುತ್ತವೆ. ವೈರಸ್ ಬಿಟ್ಟೆ. ಒಂದು ನಿಮಿಷ ಸುಮ್ಮನಿತ್ತು. ಆಮೇಲೆ ನೋಡಿ, ಮೈಮುರಿದು ಎದ್ದು, ಮೊದಲಿಗೇ ರಾಜೀನಾಮೆ ಪತ್ರ ಎತ್ತಿಕೊಂಡು ಮ್ಯಾನೇಜರ್ ವಿಳಾಸಕ್ಕೇ ಕಳಿಸಿತು!

ಅವರು ಪರದೆಗೆ ಬಗ್ಗಿ ಓದಿದರು: “ನಾಟಕ ಯಾವುದು ನಿಜ ಯಾವುದು ತಿಳಿಯದವರ ಕೈಕೆಳಗೆ ಕೆಲಸ ಮಾಡಲಾರೆ.” ಮುಖ ಬಿಳಿಚಿತು.

“ಎನ್ನ ಮೇಡಂ, ಏನಿದು! ಫೋನ್ ಸೀಟ್ ಅಂತ ತಮಾಷೆಗೆ ಅಂದೆ. ರಾಜೀನಾಮೆ ಎಲ್ಲಾ ಯಾಕೆ?” ಆರ್ಡರ್ ಮಡಚಿಕೊಂಡು ಜೇಬಿಗಿಳಿಯಿತು. ‘ಅಪಾಯಕಾರಿ’ ಎಂಬ ನನ್ನ ವರದಿಗೆ, ನನ್ನ ಸೈನ್ ಒಣಗುವ ಮೊದಲೇ ಅವರದೂ ಬಿತ್ತು.

ಆ ಪತ್ರವೂ ಸೋಗಿನದೇ ಅಂತ ನಾನು ಇವತ್ತಿನವರೆಗೂ ಅವರಿಗೆ ಹೇಳಿಲ್ಲ. ವೈರಸ್ಸಾದರೂ ಮೂರು ದಿನ ಅನುಮಾನಪಟ್ಟು ಆಮೇಲೆ ನಂಬಿತು.