ಅಂಚಿನ ಹಲಗೆ

ರಂಗಯ್ಯ ಸ್ವಾರ್ಥಿ. ಇದು ಅವನ ಹೆಂಡತಿ ಓಬಳಮ್ಮನ ತೀರ್ಪು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿ, ಸಾಕ್ಷ್ಯಗಳನ್ನೆಲ್ಲ ಕೂಲಂಕಷವಾಗಿ ಪರಿಶೀಲಿಸಿ ಕೊಟ್ಟ ತೀರ್ಪಾದ್ದರಿಂದ ಅದಕ್ಕೆ ಅಪೀಲು ಇರಲಿಲ್ಲ. ಮುದ್ದೆಗಳಲ್ಲಿ ದೊಡ್ಡದು ಅವನಿಗೆ. ಚಳಿಗಾಲದಲ್ಲಿ ಒಲೆಯ ಪಕ್ಕದ ಜಾಗ ಅವನಿಗೆ. ಅವನ ಕೈಯಿಂದ ಏನಾದರೂ ಕೆಳಗೆ ಬಿದ್ದರೆ ಎತ್ತಿಕೊಡುವ ಕೆಲಸ ಬೇರೆಯವರದು. ಮನೆಯಲ್ಲಿ ಎಲ್ಲರಿಗೂ ಕೆಮ್ಮು ಬಂದರೆ ಮೊದಲ ಕೆಮ್ಮು ಅವನದು. ಉಳಿದವರು ಕಾದು ಕೆಮ್ಮಬೇಕು. ಇಷ್ಟನ್ನೂ ಅವಳು ಕ್ಷಮಿಸಿದ್ದಳು. ಮಗಳು ತಿಪ್ಪಕ್ಕನ ಮದುವೆಯ ವಿಷಯವನ್ನು ಮಾತ್ರ ಕ್ಷಮಿಸುವ ಹಾಗಿರಲಿಲ್ಲ.

ತಿಪ್ಪಕ್ಕನಿಗೆ ಹತ್ತೊಂಬತ್ತು. ದಿಲ್ಲಿಯಲ್ಲಿ ಚಕ್ರವರ್ತಿಗಳ ದರ್ಬಾರು ನಡೆದ ಆ ಕಾಲದಲ್ಲಿ, ಮೊಳಕಾಲ್ಮುರಿನ ನೇಕಾರರ ಬೀದಿಯಲ್ಲಿ, ಅದು ಎರಡು ಮಕ್ಕಳ ತಾಯಿಯ ವಯಸ್ಸು. ವರಗಳು ಬಾರದೆ ಇರಲಿಲ್ಲ. ರಾಯದುರ್ಗದವನ ಕಿವಿ ರಂಗಯ್ಯನಿಗೆ ದೊಡ್ಡದಾಯಿತು. ದೇವಸಮುದ್ರದವನು ಊಟಕ್ಕೆ ಕೂತಾಗ ಮಾತಾಡಿದ, ಆದ್ದರಿಂದ ಬಾಯಿಬಡುಕ. ಇನ್ನೊಬ್ಬ ಮಾತೇ ಆಡಲಿಲ್ಲ, ಆದ್ದರಿಂದ ಕಳ್ಳ.

ನಿಜವಾದ ಕಾರಣ ನಡುಮನೆಯಲ್ಲಿತ್ತು. ರಂಗಯ್ಯ ನೇಯುವುದು ರೇಷ್ಮೆ ಸೀರೆ. ಒಡಲಿಗೊಂದು ಬಣ್ಣ, ಎರಡೂ ಅಂಚಿಗೆ ಬೇರೆ ಬಣ್ಣ. ಅದಕ್ಕೆ ಮೂರು ಲಾಳಿ ಬೇಕು, ಮೂರು ಲಾಳಿಗೆ ಎರಡು ಕೈ ಸಾಲದು. ಯಜಮಾನ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಒಡಲಿನ ಲಾಳಿ ಎಸೆದರೆ, ಎಡಗಡೆಯ ಪುಟ್ಟ ಹಲಗೆಯ ಮೇಲೆ ಇನ್ನೊಬ್ಬರು ಕೂತು ಅಂಚಿನ ಲಾಳಿ ಎಸೆಯಬೇಕು. ಆ ಹಲಗೆ ಹೆಂಗಸರದು, ಮಕ್ಕಳದು. ಅಲ್ಲಿ ತಿಪ್ಪಕ್ಕ ಏಳನೇ ವಯಸ್ಸಿನಲ್ಲಿ ಕೂತವಳು ಇನ್ನೂ ಎದ್ದಿರಲಿಲ್ಲ. ಓಬಳಮ್ಮನಿಗೆ ಬಲಗೈ ಸೊಟ್ಟಗಾಗಿ ಹನ್ನೆರಡು ವರ್ಷವಾಗಿತ್ತು; ರಾಟೆ ತಿರುಗಿಸಲು ಆ ಕೈ ಸಾಕು, ಲಾಳಿ ಎಸೆಯಲು ಸಾಲದು. ಮಗಳು ಗಂಡನ ಮನೆಗೆ ಹೋದರೆ ರಂಗಯ್ಯನ ಸೀರೆಗೆ ಅಂಚಿಲ್ಲ.

ಹೀಗಿರುವಾಗ ಒಂದು ದಿನ ತಿಪ್ಪಕ್ಕ, ಲಾಳಿ ಎಸೆಯುತ್ತಲೇ, ತಾನು ಮದುವೆಯಾದರೆ ಪಕ್ಕದ ಮನೆಯ ದಾಸಣ್ಣನನ್ನು ಎಂದಳು. ರಂಗಯ್ಯನ ಕೈ ನಿಂತಿತು. ದಾಸಣ್ಣ ತಮ್ಮ ಕುಲದವನೇ. ಅಣ್ಣ ಮಾರಣ್ಣನ ಮಗ್ಗದಲ್ಲಿ ಅಂಚಿನ ಹಲಗೆಯ ಮೇಲೆ ಕೂರುವವನು. ಇಪ್ಪತ್ತನಾಲ್ಕು ವರ್ಷದ ಗಂಡಸು, ಮೀಸೆಯಿರುವವನು, ಮಕ್ಕಳ ಹಲಗೆಯ ಮೇಲೆ!

"ಅದೂ ಒಂದು ಗಂಡಸಾ? ಗುಂಡಿಗೆ ಕಾಲಿಳಿಸದೋನು!"

"ಅವರ ಮನೇಲಿ ಮಗ್ಗ ಒಂದೇ ಐತಲ್ಲಪ್ಪಾ. ಅಣ್ಣ ಗುಂಡೀಲಿ ಕೂತ ಮೇಲೆ ತಮ್ಮ ಮಾಳಿಗೆ ಮ್ಯಾಲೆ ಕೂರಬೇಕಾ?"

"ಅವನಲ್ಲಿ ಏನು ಕಂಡೆ ನೀನು?"

ತಿಪ್ಪಕ್ಕ ಯೋಚಿಸಿದಳು. "ಕಾಯೋದು ಗೊತ್ತೈತೆ ಅವರಿಗೆ. ಲಾಳಿ ತಡವಾಗಿ ಬಂದ್ರೆ ಬೈಯಲ್ಲ."

ಇದು ಯಾರಿಗೆ ತಾಗಬೇಕಿತ್ತೋ ಅವರಿಗೆ ತಾಗಿತು. "ಲೇ, ಇಬ್ಬರೂ ಅಂಚಿನೋರೇ! ಎರಡು ಅಂಚು ಮದುವೆಯಾದ್ರೆ ನಡೂಕಿನ ಸೀರೆ ಯಾರು ನೇಯ್ತಾರೆ, ನಿಮ್ಮಜ್ಜನಾ?"

ಓಬಳಮ್ಮ ರಾಟೆ ನಿಲ್ಲಿಸದೆ ಹೇಳಿದಳು: "ಅವಳಜ್ಜ ಸತ್ತು ಒಂಬತ್ತು ವರ್ಷ ಆತು. ಪಾಪ, ಅವರನ್ಯಾಕೆ ಎಬ್ಬಿಸ್ತೀರಿ?"

"ನೋರು ಮುಯ್ಯವೇ!" ಎಂದು ರಂಗಯ್ಯ ಗುಡುಗಿದ. ಕೋಪ ಬಂದರೆ ಅವನಿಗೆ ತೆಲುಗು ಬರುತ್ತಿತ್ತು. ಕನ್ನಡ ವ್ಯಾಪಾರಕ್ಕೆ ಸಾಕು, ಹೆಂಡತಿಯ ಬಾಯಿ ಮುಚ್ಚಿಸಲು ಸಾಲದು ಎಂದು ಅವನ ಅನುಭವ. (ತೆಲುಗೂ ಸಾಲದು ಎಂದು ಓಬಳಮ್ಮನ ಅನುಭವ.)

ಮಗಳು ಪಕ್ಕದ ಮನೆಗೆ ಜಾರುವ ಮೊದಲೇ ದೂರದ ವರ ಗೊತ್ತುಮಾಡಬೇಕೆಂದು ರಂಗಯ್ಯ, ಅಂಚಿನ ಹಲಗೆಯ ಚಿಂತೆಯನ್ನೂ ಮರೆತು, ಹಟಕ್ಕೆ ಬಿದ್ದ. ಚಳ್ಳಕೆರೆಯಲ್ಲಿ ಯರ್ರಮ್ಮ ಎಂಬ ವಿಧವೆಯ ಮಗನಿದ್ದಾನೆ, ಸ್ವಂತ ಮಗ್ಗ, ಗುಂಡಿಯಲ್ಲೇ ಕೂರುವ ಗಂಡಸು ಎಂದು ಯಾರೋ ಹೇಳಿದ್ದೇ ತಡ, ಎತ್ತಿನ ಗಾಡಿ ಹತ್ತಿದ. ಸಾಹುಕಾರ ಶಿವಮೂರ್ತಪ್ಪನ ಮಗಳ ಧಾರೆಸೀರೆ ಮಗ್ಗದಲ್ಲಿ ಅರ್ಧಕ್ಕೆ ನಿಂತಿತ್ತು. ಹೊರಡುವಾಗ ಆಜ್ಞೆ ಹೊರಡಿಸಿದ:

"ನಾನು ಬರೋಗಂಟ ಯಾವ ಗಂಡಸೂ ನನ್ನ ಗುಂಡಿಗಿಳಿಯಕೂಡದು."

ನಾಲ್ಕು ದಿನ ಎಂದು ಹೋದವನು ಆರನೇ ದಿನವೂ ಬರಲಿಲ್ಲ. ಮುಹೂರ್ತ ಮಾತ್ರ ಹತ್ತಿರ ಬರುತ್ತಿತ್ತು. ಓಬಳಮ್ಮ ಗಂಡನ ಆಜ್ಞೆಯನ್ನು ಮನಸ್ಸಿನಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಪತಿವ್ರತೆಯಾದ್ದರಿಂದ ಅದನ್ನು ಅಕ್ಷರಶಃ ಪಾಲಿಸಿದಳು. ಯಾವ ಗಂಡಸನ್ನೂ ಗುಂಡಿಗೆ ಇಳಿಸಲಿಲ್ಲ, ಮಗಳನ್ನು ಇಳಿಸಿದಳು. ಮಾರಣ್ಣನ ಮಗ್ಗಕ್ಕೆ ರೇಷ್ಮೆ ಬಾರದೆ ದಾಸಣ್ಣ ಕೆಲಸವಿಲ್ಲದೆ ಕೂತಿದ್ದ. ಅವನನ್ನು ಕರೆದು ಹಲಗೆಯ ಮೇಲೆ ಕೂರಿಸಿದಳು. ಇಬ್ಬರ ನಡುವೆ, ಬೀದಿಯವರ ಬಾಯಿಗೆ ಅಡ್ಡವಾಗಿ, ತಾನು ರಾಟೆ ಹಿಡಿದು ಕೂತಳು.

ಮೊದಲ ದಿನ ನೇಯ್ದ ಗೇಣುದ್ದವನ್ನು ಬಿಚ್ಚಿ ಹಾಕಬೇಕಾಯಿತು. ಎರಡನೇ ದಿನ ಬಿಚ್ಚಲಿಲ್ಲ. ಮೂರನೇ ದಿನದಿಂದ ಲಾಳಿಯ ಸದ್ದು ಎಷ್ಟು ಹದವಾಗಿ ಬಂತೆಂದರೆ ನಡುವೆ ಕಾವಲು ಕೂತ ಓಬಳಮ್ಮನಿಗೆ ತೂಕಡಿಕೆ ಬಂತು.

ರಂಗಯ್ಯ ಬಂದದ್ದು ಹನ್ನೊಂದನೇ ದಿನ ಮಧ್ಯಾಹ್ನ. ಜಗಲಿ ಹತ್ತುವ ಮೊದಲೇ ಶುರುಮಾಡಿದ.

"ಎಂಥಾ ಜನ! ಎಂಥಾ ಸ್ವಾರ್ಥಿಗಳು! ಆ ಯರ್ರಮ್ಮ ಹೆಣ್ಣಿನ ಬಣ್ಣ ಕೇಳಲಿಲ್ಲ, ನಕ್ಷತ್ರ ಕೇಳಲಿಲ್ಲ. 'ಹುಡುಗಿಗೆ ಅಂಚಿನ ಲಾಳಿ ಎಸೆಯಕ್ಕೆ ಬರ್ತೈತಾ? ನನ್ನ ಕೈಲಿ ಆಗಲ್ಲ, ಹಲಗೆ ಖಾಲಿ ಐತೆ' ಅಂದ್ಳು. ಅವಳಿಗೆ ಬೇಕಾಗಿರೋದು ಸೊಸೆಯಲ್ಲ ಕಣೇ, ಹಲಗೆ ಮ್ಯಾಲೆ ಕೂರಕ್ಕೊಂದು ಆಳು! ಹೆತ್ತ ಮಗಳನ್ನ ಅದಕ್ಕೆ ಕೊಡಕ್ಕಾಗ್ತೈತಾ?"

ಓಬಳಮ್ಮ ಗಂಡನ ಮುಖವನ್ನೇ ನೋಡಿದಳು. ಅವನು ಹೇಳಿದ್ದು ಅವನಿಗೇ ಕೇಳಿಸಿರಲಿಲ್ಲ. "ಛೇ ಛೇ, ಅಂಥೋರೂ ಇರ್ತಾರಾ ಲೋಕದಾಗೆ!" ಎಂದು ಕಾಲು ತೊಳೆಯಲು ನೀರು ಕೊಟ್ಟಳು.

ಅಷ್ಟರಲ್ಲಿ ಸೀರೆ ನೋಡಲು ಶಿವಮೂರ್ತಪ್ಪ ಬಂದೇಬಿಟ್ಟರು. ಮಗ್ಗದಲ್ಲಿ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿಸಿ, ಅಂಚು ಒಡಲಿಗೆ ಕೂಡುವ ಕಡೆ ಬೆರಳಾಡಿಸಿ, ಕನ್ನಡಕ ಸರಿಮಾಡಿಕೊಂಡರು.

"ರಂಗಯ್ಯ, ಮೊದಲಿನದು ಚೆನ್ನಾಗೈತೆ. ಆದರೆ ಈಚೆಗೆ ನೇಯ್ದದ್ದು ಐತಲ್ಲ, ಇದರಾಗೆ ಜೋಡಿಸಿದ್ದೇ ಗೊತ್ತಾಗಲ್ಲ. ಕೈ ಪಳಗಿಬಿಡ್ತು ನಿಂದು!"

ರಂಗಯ್ಯ ಹಿಗ್ಗಿದ. "ಕೈ ಏನು ಸುಮ್ಮನೆ ಪಳಗ್ತೈತಾ ಸಾವ್ಕಾರ್ರೇ? ಮೂವತ್ತು ವರ್ಷ ಈ ಗುಂಡೀಲಿ ಕೂತಿದ್ದೀನಿ. ನಡೂಕೆ ಕೂತೋನಿಗೂ ಅಂಚಿಗೆ ಕೂತೋರಿಗೂ ಉಸಿರು ಒಂದಾಗಬೇಕು. ನೋಡ್ರಿ, ಈ ಮಾವಿನಕಾಯಿ ಬುಟ್ಟಾ ಸಾಲು, ಏಳನೇದು, ಎಂಟನೇದು, ನಾನು ಚಳ್ಳಕೆರೆಗೆ ಹೋಗೋವಾಗ ಬಿಟ್ಟದ್ದು ಒಂಬತ್ತನೇದು, ಹತ್ತು…"

ಹತ್ತರ ಮೇಲೆ ಬೆರಳು ನಿಂತಿತು. ಮುಂದೆ ಹನ್ನೊಂದಿತ್ತು. ಹನ್ನೆರಡಿತ್ತು. ಹದಿಮೂರನೆಯ ಸಾಲಿನ ಮಾವಿನಕಾಯಿಗಳು ಅವನನ್ನೇ ನೋಡುತ್ತಿದ್ದವು.

"ಹೇಳು, ಉಸಿರು ಒಂದಾಗಬೇಕು, ಆಮೇಲೆ?" ಎಂದರು ಶಿವಮೂರ್ತಪ್ಪ.

ರಂಗಯ್ಯನ ಉಸಿರೇ ನಿಂತಿತ್ತು. "ಆಮೇಲೆ… ಅಷ್ಟೇ ಸಾವ್ಕಾರ್ರೇ."

"ಮಿಕ್ಕಿದ್ದೂ ಇದೇ ಕೈಲಿ ಬರಬೇಕು, ತಿಳೀತಾ? ಮೊದಲಿನ ಥರ ಬೇಡ," ಎಂದು ಹೇಳಿ ಸಾಹುಕಾರರು ಹೋದರು.

ರಂಗಯ್ಯ ಮಗಳ ಕಡೆ ತಿರುಗಿದ. "ಯಾರು?"

"ನಡೂಕೆ ನಾನು, ಅಂಚಿಗೆ ಅವರು. ನಮ್ಮಜ್ಜ ಬರಲಿಲ್ಲಪ್ಪಾ," ಎಂದಳು ತಿಪ್ಪಕ್ಕ.

"ಗಂಡಸರು ಇಳೀಬಾರದು ಅಂದಿದ್ರಿ, ಯಾರೂ ಇಳೀಲಿಲ್ಲ," ಎಂದು ಓಬಳಮ್ಮ ಸೇರಿಸಿದಳು.

ಅವನ ಬಾಯಲ್ಲಿ ತೆಲುಗೂ ಬರಲಿಲ್ಲ. ಬಂದದ್ದು ಇಷ್ಟು: "ನೀನು ಮದುವೆಯಾಗಿ ಹೋದ್ರೆ ನನಗೆ ಅಂಚಿಗ್ಯಾರು?"

"ಬಂತಲ್ಲ ಬಾಯಿಗೆ!" ಎಂದಳು ಓಬಳಮ್ಮ. "ಚಳ್ಳಕೆರೆ ಯರ್ರಮ್ಮನೂ ಇದನ್ನೇ ಕೇಳಿದ್ದು. ಅವಳು ಸೊಸೆಯಾಗೋಳ ಬಗ್ಗೆ ಕೇಳಿದ್ಳು. ನೀವು ಹೆತ್ತ ಮಗಳ ಬಗ್ಗೆ ಕೇಳ್ತಿದ್ದೀರಿ."

ಆ ಸಂಜೆ ರಂಗಯ್ಯ ಸಣ್ಣ ಮುದ್ದೆ ತಿಂದು ಗೋಡೆಯ ಕಡೆ ತಿರುಗಿ ಮಲಗಿದ. ಬೆಳಗ್ಗೆ ಎದ್ದು ಏನೆನ್ನುತ್ತಾನೆಂದು ಓಬಳಮ್ಮನಿಗೆ ಗೊತ್ತಿತ್ತು. ಪಕ್ಕದ ಮನೆಯವನು ಬೇಡ, ಗುಂಡಿ ನನ್ನದು, ಹಲಗೆ ಮಗಳದು. ಅದಕ್ಕೆ ತಕ್ಕ ಉತ್ತರಗಳನ್ನು ಅವಳು ಸಾಲಾಗಿ ಜೋಡಿಸಿಟ್ಟುಕೊಂಡಳು; ಎರಡು ಬಹಳ ಚೆನ್ನಾಗಿದ್ದವು.

ಬೆಳಗ್ಗೆ ರಂಗಯ್ಯ ಸ್ನಾನ ಮಾಡಿ ಬಂದು ಮಗ್ಗಕ್ಕೆ ಕೈಮುಗಿದ. ಗುಂಡಿಯ ಅಂಚಿನ ತನ್ನ ಕಂಬಳಿಯನ್ನು ಕೊಡವಿ ಮತ್ತೆ ಹಾಸಿದ. ಆಮೇಲೆ ಸುತ್ತಿ ಬಂದು ಎಡಗಡೆಯ ಹಲಗೆಯ ಮೇಲೆ ಕೂತ. ಏಳು ವರ್ಷದ ಹುಡುಗಿಗೆಂದು ಮಾಡಿಸಿದ ಹಲಗೆ. ಅವನಲ್ಲಿ ಅರ್ಧ ಮಾತ್ರ ಅದರ ಮೇಲೆ ಹಿಡಿಯಿತು.

"ಎಲ್ಲಿ ಅವಳು? ಎಷ್ಟೊತ್ತು ಕಾಯೋದು?"

ಓಬಳಮ್ಮನ ಕೈಯ ಸೌಟು ಹಾಗೇ ನಿಂತಿತು. "ಆ ಹಲಗೆಗೆ ದಾಸಣ್ಣನ್ನ ಕರೀಬೇಕಾ?"

"ವೀಳ್ಯಶಾಸ್ತ್ರ ಆಗೋಗಂಟ ಅಳಿಯ ಆಗೋನು ಈ ಹೊಸಿಲು ದಾಟಂಗಿಲ್ಲ. ಅಷ್ಟೂ ಗೊತ್ತಿಲ್ವಾ ನಿನಗೆ?"

ತಿಪ್ಪಕ್ಕ ತುಟಿ ಬಿಗಿದುಕೊಂಡು ಗುಂಡಿಗಿಳಿದಳು, ಅಪ್ಪನ ಕಂಬಳಿಯ ಮೇಲೆ ಕೂತಳು, ಲಾಳಿ ಎಸೆದಳು. ರಂಗಯ್ಯ ಅಂಚಿನ ಲಾಳಿ ಎಸೆದ. ಅದು ಎಳೆಗಳ ಕೆಳಗೆ ನುಸುಳಿ ನೆಲಕ್ಕೆ ಬಿದ್ದು ಉರುಳಿತು. ಇಪ್ಪತ್ತೆರಡು ವರ್ಷದಲ್ಲಿ ತಿಪ್ಪಕ್ಕನನ್ನೂ, ಅವಳಿಗಿಂತ ಮೊದಲು ಹೆಂಡತಿಯನ್ನೂ ಅವನು ಬೈದದ್ದು ಇದೇ ತಪ್ಪಿಗೆ. ತಿಪ್ಪಕ್ಕ ಬೈಯಲಿಲ್ಲ, ಕಾದಳು.

ಓಬಳಮ್ಮ ಅಭ್ಯಾಸಬಲದಿಂದ ಸೌಟು ಕೆಳಗಿಟ್ಟು ಎತ್ತಿಕೊಡಲು ಬಂದಳು. ಅಷ್ಟರಲ್ಲಿ ರಂಗಯ್ಯ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು, ಹಲಗೆಯಿಂದ ಬಗ್ಗಿ, ಲಾಳಿಯನ್ನು ತಾನೇ ಎತ್ತಿ ಪಂಚೆಯಲ್ಲಿ ಒರೆಸಿಕೊಂಡ.

"ಹೂಂ, ಎಸಿ," ಎಂದ ಮಗಳಿಗೆ.