ಎಲ್ಲಿಗೆ ಎಂದು ಕೇಳಬಾರದು

ಹಯವದನ ಕೆಟ್ಟದ್ದು ಒಂದು ಪ್ರಶ್ನೆಯಿಂದ. ಅದೂ ಪರೀಕ್ಷೆಯಲ್ಲಿ ಬರುವಂಥ ಪ್ರಶ್ನೆಯಲ್ಲ, ಮನೆಯ ಮಗುವೂ ಕೇಳುವಂಥದ್ದು.

ಅವನು ಇತಿಹಾಸದಲ್ಲಿ ಬಿ.ಎ. ಬರೋಡದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಭಾವನ ಮನೆಯಲ್ಲಿ, ಅಕ್ಕ ಗಿರಿಜಾ ಬಡಿಸಿದ್ದನ್ನು ತಲೆ ತಗ್ಗಿಸಿ ಉಣ್ಣುತ್ತ, ಕೆಲಸ ಹುಡುಕಿ ಚಪ್ಪಲಿ ಸವೆಸಿದ್ದ. ಮೈಸೂರಿನಲ್ಲಿ ಅವನ ತಾಯಿ ತನ್ನ ತಮ್ಮನ ಮನೆಯಲ್ಲಿ ಬೇಯಿಸಿ ಹಾಕಿ, ನಾದಿನಿಯ ಬಾಯಲ್ಲಿ ಮಾತು ಕೇಳಿಕೊಂಡಿದ್ದಳು. ಕೆಲಸವೊಂದು ಸಿಕ್ಕರೆ ಒಂದು ಕೋಣೆ ಹಿಡಿದು ಅವಳನ್ನು ಕರೆಸಿಕೊಳ್ಳಬೇಕು. ಪಾಪ, ಅದಕ್ಕಿಂತ ದೊಡ್ಡ ಆಸೆ ಅವನಿಗಿರಲಿಲ್ಲ.

ಊರಿನ ಅಲಕಾಪುರಿ ಬಡಾವಣೆಯಲ್ಲಿ ಒಬ್ಬ ಶೇಠರು ಯಾತ್ರೆಯ ಬಸ್ಸುಗಳ ಕಚೇರಿ ತೆರೆದಿದ್ದರು. ಟಿಕೆಟ್ ಕೌಂಟರಿಗೆ ಪದವೀಧರ ಬೇಕಿತ್ತು. ಒಂದು ಬೆಳಿಗ್ಗೆ ಕೂತು ಕೆಲಸ ಮಾಡಿ ತೋರಿಸು, ಒಪ್ಪಿಗೆಯಾದರೆ ಕುರ್ಚಿ ನಿನ್ನದು ಎಂದು ಹಯವದನನಿಗೆ ಹೇಳಿ ಕಳಿಸಿದ್ದರು.

ಸುದ್ದಿ ತಿಳಿದದ್ದೇ ತಡ, ಎದುರುಮನೆಯ ಪಟ್ಟಾಭಿರಾಮಯ್ಯ ತಾವಾಗಿಯೇ ಗುರುಗಳಾದರು. ರೈಲ್ವೆಯ ಗೂಡ್ಸ್ ಆಫೀಸಿನಿಂದ ನಿವೃತ್ತರಾದ ಅವರು ಜೀವಮಾನವೆಲ್ಲ ವ್ಯವಹರಿಸಿದ್ದು ಮೂಟೆಗಳೊಡನೆ. ಈಗ ಅವರ ಉಪದೇಶ ಕೇಳಲು ಹೆಂಡತಿ ಕಮಲಾಕ್ಷಮ್ಮ ಒಬ್ಬರೇ ಉಳಿದಿದ್ದರು. ಅವರೂ ಮೂಟೆಗಳಷ್ಟು ಸುಮ್ಮನಿರುತ್ತಿರಲಿಲ್ಲ.

"ನೋಡಪ್ಪಾ, ಯೂನಿವರ್ಸಿಟೀಲಿ ಉತ್ತರ ಬರೆಯೋದು ಕಲಿಸ್ತಾರೆ. ಕೌಂಟರಿನಲ್ಲಿ ಬೇಕಾದ್ದು ಪ್ರಶ್ನೆ ಕೇಳೋ ನಾಜೂಕು. ಮೊದಲು ಮುಖದಲ್ಲಿ ನಗು ಇರಬೇಕು. ಎಲ್ಲಿ, ನಗು ನೋಡೋಣ!"

ಹಯವದನ ನಕ್ಕ.

"ಅಯ್ಯೋ, ಹಲ್ಲುನೋವೇನೋ ಮಗು?" ಎಂದರು ಕಮಲಾಕ್ಷಮ್ಮ.

"ನೀನು ಒಳಗೆ ಹೋಗೆ! ಇನ್ನೊಂದು ಮುಖ್ಯ ವಿಷಯ ಕೇಳು ಹಯವದನ. ಯಾತ್ರೆಗೆ ಹೊರಟವರನ್ನ ಎಲ್ಲಿಗೆ ಅಂತ ಮಾತ್ರ ಕೇಳಬೇಡ. ನಮ್ಮಲ್ಲಿ ಹ್ಯಾಗೋ ಗುಜರಾತಿಗಳಲ್ಲೂ ಹಾಗೇ, ಹೊರಟ ಕೆಲಸ ಕೆಡುತ್ತೆ ಅಂತಾರೆ. ಊರಿನ ಹೆಸರು ನೀನೇ ಹೇಳು, ಅವರು ಹೂಂ ಅನ್ನಲಿ. ಡಾಕೋರ್, ದ್ವಾರಕಾ, ಅಂಬಾಜಿ, ಸೋಮನಾಥ. ಅಷ್ಟೇ. ಬಾಯಿಪಾಠ ಮಾಡ್ಕೋ."

"ಆಗಲಿ ಮಾವ," ಎಂದ ಹಯವದನ. ಊಟಕ್ಕೆ ಕೂತಾಗ ಅಕ್ಕ "ಹುಳಿ ಹಾಕ್ಲಾ?" ಎಂದರೆ "ಅಂಬಾಜಿ" ಎನ್ನುವಷ್ಟು ಬಾಯಿಪಾಠ ಮಾಡಿದ.

ಪರೀಕ್ಷೆಯ ಬೆಳಿಗ್ಗೆ ಎಲ್ಲವೂ ಸುಸೂತ್ರವಾಗಿಯೇ ಶುರುವಾಯಿತು. "ಡಾಕೋರೇ ಕಾಕಾ? ದ್ವಾರಕೆಯೇ?" ಎಂದು ಅವನು ತನ್ನ ಮುರುಕು ಗುಜರಾತಿಯಲ್ಲಿ ವಿಚಾರಿಸಿದರೆ ಯಾತ್ರಿಕರು ಸಂತೋಷದಿಂದ ಹೂಂಗುಟ್ಟಿದರು. ಒಳಗೆ ಉಯ್ಯಾಲೆಯ ಮೇಲೆ ಕೂತ ಶೇಠರೂ ತಲೆದೂಗಿದರು. ನಗು ಮಾತ್ರ ಕೈಕೊಟ್ಟಿತು. ಒಬ್ಬ ಗೃಹಸ್ಥರು ಅವನ ಮುಖ ನೋಡಿ ಮರುಗಿ, ಜೇಬಿನಿಂದ ಲವಂಗ ತೆಗೆದು, "ದವಡೆಗೆ ಇಟ್ಕೋ ಭಾಯಿ, ನೋವು ಇಳಿಯುತ್ತೆ" ಎಂದರು.

ಆಮೇಲೆ ಒಬ್ಬ ಮುದುಕಿ ಬಂದಳು. ಬಿಳಿ ಸೀರೆ, ಕಂಕುಳಲ್ಲಿ ಗಂಟು. ಹಿಂದೆ ಅವಳ ಓಣಿಯ ಜನವೆಲ್ಲ ಗಂಟುಮೂಟೆ ಸಮೇತ ನಿಂತಿದ್ದರು.

"ಟಿಕೆಟ್ ಕೊಡು ಮಗನೇ," ಎಂದಳು. ಓಣಿಗೆ ಓಣಿಯೇ ಹೊರಟಿರುವಾಗ ಊರಿನ ಹೆಸರು ಬೇರೆ ಹೇಳಬೇಕೇ ಎಂಬ ಧಾಟಿ.

"ಡಾಕೋರೇ, ಬಾ?" ಗುಜರಾತಿಯಲ್ಲಿ ಬಾ ಎಂದರೆ ಅಮ್ಮ.

ಮುದುಕಿ ಅಲ್ಲ ಎಂದಳು. ದ್ವಾರಕೆಯೂ ಅಲ್ಲ. ಅಂಬಾಜಿ ಅಲ್ಲ, ಸೋಮನಾಥವಂತೂ ಅಲ್ಲವೇ ಅಲ್ಲ. ಹೊರಟವರು ತಾವಾಗಿ ಊರಿನ ಹೆಸರೆತ್ತಬಾರದೆಂದು ಅವಳೂ ಹೇಳಲಿಲ್ಲ, ಓಣಿಯವರೂ ಹೇಳಲಿಲ್ಲ. ಗುರುಗಳು ಕೊಟ್ಟ ಊರುಗಳು ಮುಗಿದವು. ಹಯವದನ ಮತ್ತೆ ಡಾಕೋರಿನಿಂದ ಶುರುಮಾಡಿದ. ಸಾಲು ಬೀದಿಗೆ ಬಂತು. "ಇವನೇನು ಟಿಕೆಟ್ ಕೊಡ್ತಾನೋ, ಭಜನೆ ಮಾಡ್ತಾನೋ?" ಎಂದು ಯಾರೋ ಕೂಗಿದರು. ಮುದುಕಿಯ ಕಣ್ಣು ತುಂಬಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡ ರೀತಿ ಥೇಟ್ ಅವನ ಅಮ್ಮನದೇ. ಹಯವದನನಿಗೆ ಕೌಂಟರು, ಪಾಠ, ಕೆಲಸ ಎಲ್ಲ ಮರೆತೇಹೋಯಿತು.

"ಅಳಬೇಡಿ ಬಾ. ಎಲ್ಲಿಗೆ ಹೋಗ್ಬೇಕು ನಿಮಗೆ? ಎಲ್ಲಿಗೆ?"

ಮುದುಕಿ ಅವನನ್ನೊಮ್ಮೆ ನೋಡಿದಳು. ಬೈಯಲಿಲ್ಲ. ಗಂಟು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೊರಟಳು. ಅವಳ ಹಿಂದೆ ಇಡೀ ಓಣಿ ಹೊರಟಿತು. ಮೊದಲೇ ಡಾಕೋರಿಗೆ ಟಿಕೆಟ್ ಪಡೆದು ಬಸ್ಸಿನಲ್ಲಿ ಕೂತಿದ್ದ ಅವಳ ಬೀಗಿತ್ತಿ ಕೂಡ ಕಿಟಕಿಯಿಂದ ವಿಷಯ ತಿಳಿದು, ಡಬ್ಬಿ ಎತ್ತಿಕೊಂಡು ಇಳಿದುಬಿಟ್ಟಳು.

ಶೇಠರು ಉಯ್ಯಾಲೆ ನಿಲ್ಲಿಸಿ ಬಂದು, ಹಯವದನನ ಬೆನ್ನ ಹಿಂದಿನ ಹಲಗೆ ತೋರಿಸಿದರು. ನಾಲ್ಕು ಊರುಗಳ ಕೆಳಗೆ ದಪ್ಪಕ್ಷರದಲ್ಲಿ ನಾಥದ್ವಾರ ಎಂದಿತ್ತು. ಗುರುಗಳು ಅದನ್ನು ಹೇಳಿರಲಿಲ್ಲ. ಶಿಷ್ಯ ತಿರುಗಿ ನೋಡಿರಲಿಲ್ಲ.

"ಬೆಳಿಗ್ಗೆಯಿಂದ ಎಷ್ಟು ಚೆನ್ನಾಗಿ ಕೇಳ್ತಿದ್ದೆ! ನಮ್ಮ ಅಮ್ಮನೂ ಹೊರಟವರನ್ನ ಎಲ್ಲಿಗೆ ಅಂತ ಕೇಳೋಕೆ ಬಿಡ್ತಿರಲಿಲ್ಲ. ಊರಿನ ಹೆಸರು ಹೇಳಿ ಕೇಳೋದನ್ನ ನಿನಗೆ ಯಾರು ಕಲಿಸಿದ್ದು?"

ಗುರುಗಳು ಬಂದು ಒಂದು ಮಾತು ಹೇಳಿದರೆ ಶೇಠರು ಕರಗಬಹುದೆಂದು ಹಯವದನ ಪಟ್ಟಾಭಿರಾಮಯ್ಯನವರ ಹೆಸರು, ಮನೆ ಎಲ್ಲ ಹೇಳಿದ. ಶೇಠರ ಜವಾನ ಆಗಲೇ ಸೈಕಲ್ ಹತ್ತಿ ಹೋದ. "ಈಗ ನೀನು ಮನೆಗೆ ನಡಿ," ಎಂದರು ಶೇಠರು.

ಕಾಲೆಳೆದುಕೊಂಡು, ಎರಡು ಕಡೆ ಸುಮ್ಮನೆ ಕೂತು, ಅವನು ಮನೆ ಸೇರುವ ಹೊತ್ತಿಗೆ ಸಂಜೆ. ಬಾಗಿಲಲ್ಲೇ ತುಪ್ಪದಲ್ಲಿ ರವೆ ಹುರಿದ ಘಮ. ಗಿರಿಜಾ ಓಡಿಬಂದು ಅವನ ಕೈ ಹಿಡಿದಳು.

"ಜವಾನ ಬಂದಿದ್ದ ಕಣೋ! ನಮ್ಮನೆ ಬಾಗಿಲಲ್ಲೇ ನಿಂತು, ಶೇಠರು ನೌಕರಿ ಕೊಟ್ಟಿದಾರೆ ಅಂದ. ಎದುರುಮನೆ ಕೇಳ್ದ, ತೋರಿಸಿದೆ. ಗುರುಗಳಿಗೂ ಹೇಳಿ ಹೋಗೋಣ ಅಂತಿರಬೇಕು. ಇನ್ನು ಅಮ್ಮನ್ನ ಕರೆಸ್ಕೋಬಹುದು!" ಎನ್ನುತ್ತಲೇ ಅತ್ತುಬಿಟ್ಟಳು.

ಶೇಠರು ಕರಗಿಯೇಬಿಟ್ಟರು ಎಂದುಕೊಂಡ ಹಯವದನ. ಅಷ್ಟರಲ್ಲಿ ಎದುರುಮನೆಯಿಂದ, ನಿವೃತ್ತಿಯ ದಿನ ಮಡಿಸಿಟ್ಟ ಕೋಟು ತೊಟ್ಟು ಪಟ್ಟಾಭಿರಾಮಯ್ಯ ಬಂದರು.

"ಶೇಠರನ್ನ ನೋಡ್ಕೊಂಡೇ ಬಂದೆನಪ್ಪಾ. ಕೌಂಟರಿಗೆ ಬರೋ ಪದವೀಧರರಿಗೆಲ್ಲ ಇನ್ಮೇಲೆ ನಾನೇ ತರಬೇತಿ ಕೊಡಬೇಕಂತೆ! ನೀನು ಹೆಸರು ಹೇಳದಿದ್ರೆ ನನ್ನನ್ನ ಯಾರು ಕೇಳ್ತಿದ್ರು? ನಿನ್ನ ವಿಷಯವೂ ಎತ್ತಿದೆ. ಇವನೊಬ್ಬ ಬೇಡ ಅಂದ್ರು. ಏನ್ಮಾಡೋದು?"

ಗುರುಗಳಿಗೆಂದು ಒಳಗಿನಿಂದ ತಂದ ಕೇಸರಿಬಾತಿನ ತಟ್ಟೆ ಗಿರಿಜಾಳ ಕೈಯಲ್ಲೇ ನಿಂತಿತು. ಹಯವದನ ಅವಳ ಕೈಯಿಂದ ಅದನ್ನು ತೆಗೆದುಕೊಂಡು ಗುರುಗಳ ಮುಂದೆ ಹಿಡಿದು ನಕ್ಕ.

"ಇದೇ! ಇದೇ ನಗು ಕಣೋ ನಾನು ಹೇಳಿದ್ದು!" ಪಟ್ಟಾಭಿರಾಮಯ್ಯ ಕುಣಿದಾಡುವುದೊಂದು ಬಾಕಿ. "ಬೆಳಿಗ್ಗೆ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?"

ಅವರು ಹೋದ ಮೇಲೆ ಹಯವದನ ಚಪ್ಪಲಿ ಮೆಟ್ಟಿ ಮತ್ತೆ ಹೊರಗೆ ಹೊರಟ. ಗಿರಿಜಾಳ ಬಾಯಿಗೆ ಬಂದ ಪ್ರಶ್ನೆ ಬಾಯಲ್ಲೇ ಉಳಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು:

"ದೂರ ಹೊರಟ್ಯೇನೋ?"

"ಇಲ್ಲಕ್ಕಾ," ಎಂದ. "ಇಲ್ಲೇ."